ಹನ್ನೊಂದನೆಯ ವಿಷಯ

ನಮ್ಮ ಪಟ್ಟಣ ಪಂಚಾಯಿತಿಯ ಸಭೆಯಲ್ಲಿ ಟೀ ಬರುವ ಮೊದಲು ಯಾರೂ ಸಭಾತ್ಯಾಗ ಮಾಡುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಸದಸ್ಯರು ಬಂದು ಹಾಜರಿ ಪುಸ್ತಕದಲ್ಲಿ ಸಹಿ ಮಾಡುತ್ತಿದ್ದರು. ಅಧ್ಯಕ್ಷೆ ಮೊದಲನೆಯ ವಿಷಯವನ್ನು ಓದುತ್ತಿದ್ದರು. ಎದುರು ಪಕ್ಷದ ಮುಖಂಡರು ಎದ್ದು ಆಕ್ಷೇಪಣೆ ಎನ್ನುತ್ತಿದ್ದರು. ಅರ್ಧ ಗಂಟೆ ಕೂಗಾಟ. ಆಮೇಲೆ ಎದುರಿನ ಅಂಗಡಿಯಿಂದ ಟೀ, ಜೊತೆಗೆ ಒಂದೊಂದು ಮಸಾಲೆ ವಡೆ. ಆ ಹತ್ತು ನಿಮಿಷ ಎರಡೂ ಕಡೆಯವರು ಮಗಳ ಮದುವೆ, ಮಾವಿನ ಹೂವು, ಮೊಣಕಾಲು ನೋವು ಎಂದು ಮಾತಾಡಿಕೊಳ್ಳುತ್ತಿದ್ದರು. ಗ್ಲಾಸು ಕೆಳಗಿಟ್ಟ ಮೇಲೆ ಎಂಟು ಮಂದಿ ಒಟ್ಟಿಗೆ ಎದ್ದು, ಸಿಟ್ಟನ್ನು ಮತ್ತೆ ಮುಖಕ್ಕೆ ತಂದುಕೊಂಡು ಹೊರಗೆ ಹೋಗುತ್ತಿದ್ದರು.

ನಡಾವಳಿ ಬರೆಯುವುದು ನನ್ನ ಕೆಲಸ. "ಸದಸ್ಯರು ಹೊರನಡೆದರು. ಎಲ್ಲ ವಿಷಯಗಳನ್ನೂ ಮುಂದೂಡಲಾಯಿತು." ಈ ಎರಡು ಸಾಲುಗಳನ್ನು ಮೊದಮೊದಲು ಪ್ರತಿ ತಿಂಗಳೂ ಹೊಸದಾಗಿ ಟೈಪು ಮಾಡುತ್ತಿದ್ದೆ. ಮೂರನೆಯ ತಿಂಗಳಿನಿಂದ ಹಳೆಯ ಕಡತದಿಂದಲೇ ನಕಲು ಮಾಡಿ ಅಂಟಿಸತೊಡಗಿದೆ.

ತಮಿಳುನಾಡಿನ ಗಡಿಯಲ್ಲಿ ಹೊಸೂರಿಗೂ ರಾಯಕೋಟೆಗೂ ನಡುವಿನ ಸಣ್ಣ ಊರು ನಮ್ಮದು. ಬೆಂಗಳೂರಿನಲ್ಲಿ ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಬಂದು, ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಗುತ್ತಿಗೆಯ ಮೇಲೆ ಸೇರಿದ್ದೆ. ಆಡಳಿತ ಪಕ್ಷ, ವಿರೋಧ ಪಕ್ಷ, ಸಮತೋಲನ ಎಂಬ ಮಾತುಗಳನ್ನು ನಾನು ಪರೀಕ್ಷೆಯಲ್ಲಿ ಚೆನ್ನಾಗಿ ಬರೆದವಳು. ಇಲ್ಲಿ ಕಂಡದ್ದು ಬೇರೆ. ಹದಿನೈದು ವಾರ್ಡುಗಳಲ್ಲಿ ಎಂಟು ಅಧ್ಯಕ್ಷೆಯ ಪಕ್ಷದ್ದು, ಏಳು ಎದುರಿನವರದ್ದು. ಎರಡನೆಯ ವರ್ಷ ಒಬ್ಬರು ಆ ಕಡೆಗೆ ಹಾರಿದರು. ಲೆಕ್ಕ ತಿರುಗಿತು. ಅಧ್ಯಕ್ಷೆಯನ್ನು ಇಳಿಸಲು ಬೇಕಾದಷ್ಟು ಮಂದಿ ಎದುರಿನವರ ಬಳಿ ಇರಲಿಲ್ಲ, ಆಕೆ ಯಾವ ಕೆಲಸವನ್ನೂ ಮಾಡದಂತೆ ತಡೆಯಲು ಬೇಕಾದಷ್ಟು ಮಂದಿ ಇದ್ದರು. ಅಲ್ಲಿಂದ ಮುಂದೆ ಊರಿನಲ್ಲಿ ಒಂದು ಬೀದಿ ದೀಪ ಬದಲಾಗಲಿಲ್ಲ.

ಅಧ್ಯಕ್ಷೆಯನ್ನು ಎಲ್ಲರೂ ಚೇರ್ಮನ್ನಮ್ಮ ಎನ್ನುತ್ತಿದ್ದರು. ಹೆಂಗಸರಿಗೆ ಮೀಸಲಾದ ಸ್ಥಾನವಾದ್ದರಿಂದ ಆಕೆ ಕುರ್ಚಿಯ ಮೇಲಿದ್ದರು. ಆಕೆಯ ಯಜಮಾನರು ಪಕ್ಕದ ಕೋಣೆಯಲ್ಲಿ ಬಾಗಿಲು ತೆರೆದಿಟ್ಟುಕೊಂಡು ಕೂರುತ್ತಿದ್ದರು. ಯಾವ ಮಾತಿಗೂ ಆಕೆ ಮೊದಲು ಬಾಗಿಲ ಕಡೆ ನೋಡುತ್ತಿದ್ದರು. ಎದುರು ಪಕ್ಷದ ಮುಖಂಡರು ಮಾವಿನ ಮಂಡಿ ನಡೆಸುವವರು. ಅವರನ್ನು ಮಂಡಿಯಣ್ಣ ಎನ್ನುತ್ತಿದ್ದರು. ಎರಡೂ ಕಡೆಯವರು ಜಗಳವಾಡುವುದು ತಮಿಳಿನಲ್ಲಿ, ಏಕೆಂದರೆ ಜಗಳ ದಾಖಲೆಗೆ ಹೋಗಬೇಕು. ಗೇಲಿ ಕನ್ನಡದಲ್ಲಿ. ನಿಜವಾದ ವ್ಯವಹಾರ ತೆಲುಗಿನಲ್ಲಿ. ಮೂರೂ ನನಗೆ ಗೊತ್ತಿತ್ತು ಎಂಬುದೇ ಆ ಕಚೇರಿಯಲ್ಲಿ ನನಗಿದ್ದ ಬೆಲೆ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಹೆಂಗಸಿದ್ದಳು. ಊರಿಗೆಲ್ಲ ನೀರು ಬಿಡುವವಳು. ಎಲ್ಲರೂ ಅವಳನ್ನು ನೀರಕ್ಕ ಎಂದೇ ಕರೆಯುತ್ತಿದ್ದರು. ಟ್ಯಾಂಕಿನಿಂದ ಯಾವ ಬೀದಿಗೆ ಎಷ್ಟು ಹೊತ್ತು ನೀರು ಹೋಗಬೇಕು ಎಂಬುದು ಅವಳ ಕೈಯಲ್ಲಿತ್ತು. ಬೆಳಗಿನ ಶಿಫ್ಟಿನ ಫ್ಯಾಕ್ಟರಿ ಬಸ್ಸುಗಳು ಬರುವ ಮೊದಲೇ ಮೂರು ಬೀದಿಗಳಿಗೆ ನೀರು ಬಿಟ್ಟು ಮುಗಿಸಬೇಕು, ಇಲ್ಲದಿದ್ದರೆ ಆ ಬೀದಿಗಳ ಹೆಂಗಸರು ಖಾಲಿ ಕೊಡ ಬಿಟ್ಟು ಬಸ್ಸು ಹತ್ತಬೇಕಾಗುತ್ತಿತ್ತು. ಏಳು ವರ್ಷದಲ್ಲಿ ಒಮ್ಮೆಯೂ ಹಾಗಾದದ್ದು ನನಗೆ ನೆನಪಿಲ್ಲ.

ಆ ಕೆಲಸ ಮೊದಲು ಅವಳ ಗಂಡನದ್ದು. ಅವನು ಕಾಮಾಲೆಯಿಂದ ಸತ್ತ ಮಾರನೆಯ ವಾರ ಆಗಿನ ಗುಮಾಸ್ತರು ಅವಳನ್ನು ಕರೆದು, ಹೆಸರು ಬದಲಾಯಿಸಲು ಹೋದರೆ ಸಭೆಗೆ ಹೋಗುತ್ತದೆ, ಸಭೆಗೆ ಹೋದದ್ದು ಏನಾಗುತ್ತದೋ ಯಾರಿಗೂ ಗೊತ್ತಿಲ್ಲ, ಅವನ ಹೆಸರಿನಲ್ಲೇ ನೀನು ಮಾಡಿಕೊಂಡು ಹೋಗು ಎಂದಿದ್ದರಂತೆ. ನೀರಕ್ಕ ಶಾಲೆಗೆ ಹೋದವಳಲ್ಲ. ಗಂಡನ ಹೆಸರನ್ನು ತಮಿಳಿನಲ್ಲಿ ಬರೆಯುವುದನ್ನು ಮಾತ್ರ ಕಲಿತಳು. ಪ್ರತಿ ತಿಂಗಳೂ ಸಂಬಳದ ಪುಸ್ತಕದಲ್ಲಿ ಸತ್ತವನ ಸಹಿ ಬೀಳುತ್ತಿತ್ತು.

ಹಳೆಯ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವಾಗ ಅದನ್ನು ಕಂಡುಹಿಡಿದವಳು ನಾನು.

ಅದನ್ನು ಹಾಗೆಯೇ ಬಿಡುವುದು ನನ್ನಿಂದ ಆಗಲಿಲ್ಲ. ತಪ್ಪು ಕಾಣಿಸಿದರೆ ತಿದ್ದುವುದು ನನ್ನ ಸ್ವಭಾವ. ಅಮ್ಮ ಗೋಡೆಗೆ ಹಾಕಿದ ಕ್ಯಾಲೆಂಡರ್ ಓರೆಯಾಗಿದ್ದರೂ ಎದ್ದು ಸರಿ ಮಾಡುತ್ತೇನೆ. ಇದು ಅವಳಿಗೂ ಒಳ್ಳೆಯದು ಎಂದುಕೊಂಡೆ, ಅದೂ ಸುಳ್ಳಲ್ಲ. ಟಿಪ್ಪಣಿ ಬರೆದೆ: ಕಾಲವಾದ ಇಂಥವರ ಬದಲಿಗೆ ಅವರ ಪತ್ನಿ ಇಂಥವರನ್ನು ನೇಮಿಸಬಹುದು. ಮರಣ ಪ್ರಮಾಣಪತ್ರದ ನಕಲನ್ನೂ ಸೇರಿಸಿದೆ. ಅದಕ್ಕಾಗಿ ಅವಳ ಮನೆಗೆ ಹೋದಾಗ ಅವಳು ಟ್ರಂಕು ತೆರೆಯದೆ ಅದರ ಮೇಲೇ ಕೂತಳು.

"ಇದ್ಯಾಕವ್ವಾ ಈಗ? ಅವ್ನೆಸ್ರು ಇದ್ರೆ ನಂಗೇನು ಮುಳ್ಳು ಚುಚ್ತದಾ?"

"ತಪ್ಪಲ್ವಾ ಅಕ್ಕ? ನಾಳೆ ಆಡಿಟ್‌ನವರು ಹಿಡಿದ್ರೆ ನಿಂಗೇ ತೊಂದ್ರೆ."

"ಏಳೊರ್ಸದಿಂದ ಎಷ್ಟು ಆಡಿಟ್ಟು ಬಂದೋದ್ವು. ಅವ್ನ ಮೊಕ ತೋರ್ಸು ಅಂತ ಒಬ್ನೂ ಕೇಳ್ನಿಲ್ಲ."

"ನಿನ್ನ ಹೆಸ್ರೇ ಬಂದ್ರೆ ನಾಳೆ ಪರ್ಮನೆಂಟ್ ಆದ್ರೂ ಆಗ್ಬೋದು."

ಆ ಮಾತು ಹೇಳಬಾರದಿತ್ತು. ಅವಳ ಮುಖದಲ್ಲಿ ಏನೋ ಬದಲಾಯಿತು. ಎದ್ದು ಟ್ರಂಕು ತೆರೆದಳು. ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು, "ನನ್ನೆಸ್ರು ಕಾಗ್ದದಾಗೆ ಬರೋದಾದ್ರೆ ಬರ್ಲಿ ಬುಡು. ರೇಶನ್ ಕಾರ್ಡ್ನಾಗೆ ಬುಟ್ರೆ ಎಲ್ಲೂ ಇಲ್ಲ" ಎಂದಳು.

ಕಾರ್ಯನಿರ್ವಾಹಕ ಅಧಿಕಾರಿಯನ್ನು ನಾವು ಇ.ಓ. ಎನ್ನುತ್ತಿದ್ದೆವು. ಕೃಷ್ಣಗಿರಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ, ಯಾರ ಗೋಜಿಗೂ ಹೋಗದ ಮನುಷ್ಯ. ನನ್ನ ಟಿಪ್ಪಣಿ ಓದಿ ಅವರು ಕನ್ನಡಕ ತೆಗೆದರು. "ಇದನ್ನು ಬರೆದು ಕೊಟ್ಟಿದ್ದೀರಿ. ಬರೆದು ಕೊಟ್ಟ ಮೇಲೆ ನನಗೆ ಗೊತ್ತಿಲ್ಲ ಅನ್ನೋಕೆ ಆಗಲ್ಲ" ಎಂದರು. ಬಾಯಿಮಾತಿನಲ್ಲಿ ಹೇಳಿದ್ದರೆ ಅವರು ಕೇಳಿಸದಂತೆ ಇರುತ್ತಿದ್ದರು ಎಂದು ನನಗೆ ಹೊಳೆದದ್ದು ಆಮೇಲೆ. ಮುಂದಿನ ಸಭೆಯ ಪಟ್ಟಿಯಲ್ಲಿ ಅದು ಹನ್ನೊಂದನೆಯ ವಿಷಯವಾಯಿತು. ಹನ್ನೆರಡನೆಯದು ನನ್ನದೇ, ನನ್ನ ಗುತ್ತಿಗೆಯ ವಿಸ್ತರಣೆ.

ಆ ದಿನ ಮಂಡಿಯಣ್ಣ ಪಟ್ಟಿಯನ್ನು ತಿರುವಿಹಾಕುತ್ತ ಹನ್ನೊಂದರ ಹತ್ತಿರ ನಿಂತರು. ತಮಿಳು ಬಿಟ್ಟು ಕನ್ನಡಕ್ಕೆ ಬಂದರು. ನನಗೆ ಆಗಲೇ ಗೊತ್ತಾಯಿತು.

"ತಡೀರಿ ತಡೀರಿ. ಸತ್ತು ಏಳೊರ್ಸ ಆಯ್ತಾ ಇವ್ನು? ಅಂಗಾರೆ ಏಳೊರ್ಸದಿಂದ ನಮ್ಗೆ ನೀರು ಬುಟ್ಟೋನು ಯಾರ್ರಪ್ಪಾ, ದೆವ್ವನಾ?"

ಹಿಂದಿನ ಸಾಲಿನಿಂದ ಒಬ್ಬರು, "ಅದಕ್ಕೇ ಕಣಣ್ಣಾ, ನಮ್ ಬೀದಿಗೆ ಅಮಾಸೆಗೊಂದ್ ದಪ ನೀರು ಬರೋದು" ಎಂದರು.

ಹದಿನೈದು ಮಂದಿಯೂ ನಕ್ಕರು. ಎರಡೂ ಪಕ್ಷಗಳು ಒಟ್ಟಿಗೆ ನಕ್ಕದ್ದನ್ನು ನಾನು ಆ ಸಭಾಂಗಣದಲ್ಲಿ ಕಂಡದ್ದು ಅದೇ ಮೊದಲು. ಚೇರ್ಮನ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪಕ್ಕದ ಕೋಣೆಯಿಂದ ಯಜಮಾನರ ದನಿ ಬಂತು: "ನಗ್ರಪ್ಪಾ ನಗ್ರಿ. ಆ ದೆವ್ವ ನಿಮ್ ಕಾಲ್ದಾಗೂ ನೀರು ಬುಟ್ಟೈತೆ."

"ನಮ್ ಕಾಲ್ದಾಗೆ ಅವ್ನು ಬದುಕಿದ್ದ ಕಣಣ್ಣಾ. ನಿಮ್ ಆಡಳಿತ ನೋಡೇ ಸತ್ತಿದ್ದು" ಎಂದರು ಮಂಡಿಯಣ್ಣ.

ಮತ್ತೆ ನಗು. ಹೊರಗಿನ ಜಗಲಿಯಲ್ಲಿ ಬೆಂಚಿನ ಮೇಲೆ ನೀರಕ್ಕ ಕೂತಿದ್ದಳು. ತನ್ನ ಹೆಸರು ಓದುತ್ತಾರೆ ಎಂದು ಒಗೆದ ಸೀರೆ ಉಟ್ಟು ಬಂದಿದ್ದಳು. ನಡುವೆ ಇದ್ದದ್ದು ಒಂದು ಕಿಟಕಿ, ಅದಕ್ಕೆ ಗಾಜಿರಲಿಲ್ಲ.

ವಡೆ ಬಂತು, ತಿಂದರು, ಎಂಟು ಮಂದಿ ಎದ್ದು ಹೋದರು. ಅಷ್ಟಕ್ಕೇ ನಿಂತಿದ್ದರೆ ಇದು ಉಳಿದ ವಿಷಯಗಳಂತೆ ಸುಮ್ಮನೆ ಮುಂದೂಡಿದ ಒಂದು ವಿಷಯವಾಗುತ್ತಿತ್ತು. ಸಂಜೆಯ ಹೊತ್ತಿಗೆ ಊರಿನ ವಾಟ್ಸಪ್ ಗುಂಪುಗಳಲ್ಲಿ "ಸತ್ತವರ ಹೆಸರಿನಲ್ಲಿ ಆಡಳಿತ" ಎಂಬ ಸಂದೇಶ ಓಡಾಡಿತು. ಅಲ್ಲಿಂದ ಅದು ಪಕ್ಷಗಳ ವಿಷಯವಾಯಿತು. ನೀರಕ್ಕನ ಹೆಸರಿಗೆ ಒಪ್ಪಿದರೆ ಹಗರಣವೇ ಇರಲಿಲ್ಲ ಎಂದು ಒಪ್ಪಿದಂತೆ, ಆದ್ದರಿಂದ ಎದುರಿನವರು ಒಪ್ಪುವಂತಿಲ್ಲ. ವಿಷಯವನ್ನು ಹಿಂತೆಗೆದುಕೊಂಡರೆ ಹಗರಣ ನಿಜ ಎಂದಂತೆ, ಆದ್ದರಿಂದ ಅಧ್ಯಕ್ಷೆಯ ಕಡೆಯವರು ಬಿಡುವಂತಿಲ್ಲ. ಇಬ್ಬರಿಗೂ ಅವಳು ಬೇಕಿತ್ತು, ಹಾಗೆಯೇ, ನಡುವೆ, ತೀರ್ಮಾನವಾಗದೆ.

ತಿಂಗಳ ಮೇಲೆ ತಿಂಗಳು ಹನ್ನೊಂದನೆಯ ವಿಷಯ ಪಟ್ಟಿಯಲ್ಲಿ ಬಂತು, ಹನ್ನೆರಡನೆಯದೂ ಬಂತು. ಎರಡೂ ಮುಂದಕ್ಕೆ ಹೋದವು. ಆದರೆ ಎರಡಕ್ಕೂ ಒಂದು ವ್ಯತ್ಯಾಸವಿತ್ತು. ಹೊಸ ಆದೇಶ ಬರುವ ತನಕ ಹಳೆಯ ಆದೇಶವೇ ಮುಂದುವರಿಯುತ್ತದೆ ಎಂಬುದು ಕಚೇರಿಯ ನಿಯಮ. ನನ್ನ ಹಳೆಯ ಆದೇಶ ನನ್ನ ಹೆಸರಿನಲ್ಲಿತ್ತು, ಆದ್ದರಿಂದ ನಾನು ಮುಂದುವರಿದೆ. ಅವಳ ಹಳೆಯ ಆದೇಶ ಸತ್ತವನ ಹೆಸರಿನಲ್ಲಿತ್ತು, ಅವನು ಸತ್ತದ್ದನ್ನು ನಾನು ಲಿಖಿತವಾಗಿ ತಿಳಿಸಿದ್ದೆ. ಇ.ಓ. ಅವನ ಹೆಸರನ್ನು ಪುಸ್ತಕದಿಂದ ಹೊಡೆದುಹಾಕಿದರು. ಅವಳ ಹೆಸರನ್ನು ಸೇರಿಸುವ ಅಧಿಕಾರ ಅವರಿಗಿರಲಿಲ್ಲ. ಸಂಬಳದ ಪಟ್ಟಿಯಲ್ಲಿ ಈಗ ಗಂಡನೂ ಇರಲಿಲ್ಲ, ಹೆಂಡತಿಯೂ ಇರಲಿಲ್ಲ. ನೀರು ಮಾತ್ರ ದಿನಾ ಬರುತ್ತಿತ್ತು.

"ಯಾಕೆ ನೀರು ಬಿಡ್ತೀಯ ಇನ್ನೂ?" ಎಂದು ಅಮ್ಮ ಒಮ್ಮೆ ಅವಳನ್ನು ಕೇಳಿದಳು.

"ಒಂದಿನ ನಿಲ್ಸಿದ್ರೂ ನೋಡು, ಅವ್ಳೇ ಬುಟ್ಟೋದ್ಲು ಅಂತಾರೆ. ಅವ್ರಿಗೆ ಅದೇ ಬೇಕಾಗಿರೋದು" ಎಂದಳು. ಗುಲಾಬಿ ತೋಟಗಳ ಪ್ಯಾಕಿಂಗ್ ಶೆಡ್ಡಿಗೆ ಕೇಳಿಕೊಂಡು ಹೋಗಿದ್ದಳಂತೆ. ಅಲ್ಲಿ ಚಿಕ್ಕ ವಯಸ್ಸಿನ ಕೈ ಬೇಕು ಎಂದಿದ್ದರು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಳು. ನೀರಕ್ಕನಿಗೆ ಊರಿನಲ್ಲಿ ಇದ್ದದ್ದು ಆ ಒಂದು ಕೆಲಸ.

ಪ್ರತಿ ಸಭೆಯ ದಿನವೂ ಬಂದು ಬೆಂಚಿನ ಮೇಲೆ ಕೂರುತ್ತಿದ್ದಳು. ಸದಸ್ಯರು ಒಳಗೆ ಹೋಗುವಾಗ ಎದ್ದು ನಿಲ್ಲುತ್ತಿದ್ದಳು. ಅವರಲ್ಲಿ ಒಬ್ಬರು, ಆ ಕಡೆ ಹಾರಿದವರು, ಪ್ರತಿ ಸಲವೂ, "ಏನಮ್ಮೀ ದೆವ್ವದ ಎಂಡ್ರೇ, ಚೆಂದಾಗಿದೀಯಾ?" ಎಂದು ಕೇಳಿ ಹೋಗುತ್ತಿದ್ದರು. ಅವಳು ನಗುತ್ತಿದ್ದಳು. ನಗದಿದ್ದರೆ ಒಂದು ಓಟು ಹೋಗುತ್ತದೆ ಎಂದು ಅವಳ ಲೆಕ್ಕ.

ಎಂಟನೆಯ ತಿಂಗಳು ಗಾಳಿ ತಿರುಗಿತು. ಆ ವರ್ಷದ ಕಾಮಗಾರಿಗಳಿಗೆ ಸಭೆಯ ಒಪ್ಪಿಗೆ ಹೋಗದಿದ್ದರೆ ಬಂದ ಅನುದಾನ ವಾಪಸಾಗುತ್ತದೆ ಎಂದು ಮೇಲಿನಿಂದ ಪತ್ರ ಬಂತು. ಕಾಮಗಾರಿಗಳು ಹದಿನೈದು ವಾರ್ಡಿನಲ್ಲೂ ಇದ್ದವು, ಮಾಡುವ ಕಂಟ್ರಾಕ್ಟರುಗಳು ಎರಡೂ ಪಕ್ಷದಲ್ಲಿದ್ದರು. ಒಂದು ಭಾನುವಾರ ಮಧ್ಯಾಹ್ನ ನನ್ನನ್ನು ಲ್ಯಾಪ್‌ಟಾಪ್ ಸಮೇತ ಮಂಡಿಗೆ ಕರೆಸಿದರು. ಮಾವಿನ ಕಾಲವಲ್ಲ, ಖಾಲಿ ಕ್ರೇಟುಗಳನ್ನು ಗೋಡೆಯೆತ್ತರ ಜೋಡಿಸಿಟ್ಟಿದ್ದರು. ಮಂಡಿಯಣ್ಣ, ಚೇರ್ಮನ್ನಮ್ಮನ ಯಜಮಾನರು, ಇ.ಓ., ನಾನು. ಚೇರ್ಮನ್ನಮ್ಮ ಬಂದಿರಲಿಲ್ಲ. ಮಾತು ತೆಲುಗಿನಲ್ಲಿ ಶುರುವಾಯಿತು.

ಇಷ್ಟು ಕಾಲ ಊರನ್ನು ನಿಲ್ಲಿಸಿದ್ದನ್ನು ಅವರು ಒಂದೂವರೆ ಗಂಟೆಯಲ್ಲಿ ಬಿಡಿಸಿದರು. ಚರಂಡಿಗಳು ಇವರಿಗೆ, ಸಿಮೆಂಟ್ ರಸ್ತೆಗಳು ಅವರಿಗೆ. ದೀಪಗಳು ವಾರ್ಡಿನ ಪ್ರಕಾರ. ಅವರ ನಡುವೆ ಸ್ವಲ್ಪವೂ ದ್ವೇಷವಿರಲಿಲ್ಲ. ಇಷ್ಟು ದಿನ ದ್ವೇಷವೆಂದು ನಾನು ಬರೆದುಕೊಂಡದ್ದು ಏನು ಎಂದು ಯೋಚಿಸಿದೆ. ನೀರು ಬಿಡುವ ಕೆಲಸವನ್ನು ಗುತ್ತಿಗೆಗೆ ಕೊಡುವುದು, ಇಬ್ಬರು ಆಳು, ಆ ಕಡೆಯವರು ಒಬ್ಬರು, ಈ ಕಡೆಯವರು ಒಬ್ಬರು, ತಲಾ ಏಳು ವಾಲ್ವು ಎಂದಾಯಿತು.

ಇ.ಓ. ಕೆಮ್ಮಿ, ಆ ಹೆಂಗಸಿನ ಸಂಗತಿ ಏನು ಎಂದು ಕೇಳಿದರು.

ಮಂಡಿಯಣ್ಣ ಯಜಮಾನರ ಕಡೆ ನೋಡಿ, ನೀವು ಅವಳನ್ನು ಬಿಟ್ಟರೆ ನಾವು ಹಗರಣವನ್ನು ಬಿಡುತ್ತೇವೆ ಎಂದರು.

"ವದಿಲೇಯಂಡಿ" ಎಂದರು ಯಜಮಾನರು. ಬಿಟ್ಟುಬಿಡಿ. ಏಳು ವರ್ಷದ ಕೆಲಸಕ್ಕೂ ಎಂಟು ತಿಂಗಳ ಬೆಂಚಿಗೂ ಸೇರಿ ಒಂದು ಪದ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಹನ್ನೊಂದು ತೆಗ್ದಾಕ್ಬುಡಮ್ಮಾ. ಹನ್ನೆರಡು ಇರ್ಲಿ, ನೀನು ಪಾಪದ ಉಡ್ಗಿ" ಎಂದರು.

ನಾನು ತೆಗೆದುಹಾಕಿದೆ. ಒಂದು ವಿಷಯ ಹೋದರೆ ಕೆಳಗಿನವು ತಾವಾಗಿಯೇ ಮೇಲೆ ಬರುತ್ತವೆ. ನಾನು ಹನ್ನೊಂದನೆಯದಾದೆ.

ಆ ವಾರದ ಸಭೆಯಲ್ಲಿ ಎಲ್ಲವೂ ಒಮ್ಮತದಿಂದ ಅಂಗೀಕಾರವಾಯಿತು. ಯಾರೂ ಹೊರನಡೆಯಲಿಲ್ಲ. ನೀರಕ್ಕ ಬೆಂಚಿನ ಮೇಲೆ ಕೂತು ಚಪ್ಪಾಳೆ ಕೇಳಿ, ಒಳ್ಳೆಯದೇ ಆಗಿದೆ ಎಂದುಕೊಂಡಿದ್ದಳು. ನೀರಿನ ಗುತ್ತಿಗೆಯ ಆದೇಶವನ್ನು ಅವಳಿಗೆ ನಾನೇ ಓದಿ ಹೇಳಬೇಕಾಯಿತು. ತಮಿಳಿನ ಎರಡು ಪ್ಯಾರಾ. ಕನ್ನಡ ಮಾಡಿ ಹೇಳಿದೆ. ಮುಗಿದ ಮೇಲೆ ಅವಳು ಕೇಳಿದಳು:

"ನಿಂದೇನಾಯ್ತು?"

"ಆಯ್ತು ಅಕ್ಕ."

"ನೀನು ಓದ್ದೋಳು" ಎಂದಳು. "ಯಾರೇ ಆದ್ರೂ ಒಂದು ಕಿತ ಸಾಯ್ತಾರೆ. ಅವ್ನನ್ನ ನೀನು ಎಲ್ಡು ಕಿತ ಸಾಯ್ಸ್ದೆ."

ನಾನು ಕಡತ ಮುಚ್ಚಿದೆ.

ಆಮೇಲಿನದು ಅವರ್ಯಾರೂ ಯೋಚಿಸದ ಸಂಗತಿ. ಹೊಸ ಆಳುಗಳಿಬ್ಬರೂ ನಡುವಯಸ್ಸಿನವರು, ಒಬ್ಬ ಮಂಡಿಯಣ್ಣನ ಭಾವಮೈದುನ, ಇನ್ನೊಬ್ಬ ಯಜಮಾನರ ಕಾರು ಓಡಿಸುತ್ತಿದ್ದವನು. ಮೊದಲ ದಿನ ಬೆಳಿಗ್ಗೆ ಅವರಿಗೆ ನಾಲ್ಕು ವಾಲ್ವು ಸಿಕ್ಕವು, ಹತ್ತು ಸಿಗಲಿಲ್ಲ. ಕೆಲವು ಚಪ್ಪಡಿಯ ಕೆಳಗಿದ್ದವು, ಕೆಲವುಗಳ ಮೇಲೆ ಜನ ಮೆಟ್ಟಿಲು ಕಟ್ಟಿಕೊಂಡಿದ್ದರು. ಎಲ್ಲಿವೆ ಎಂಬ ನಕ್ಷೆ ಕಚೇರಿಯಲ್ಲಿ ಎಂದೂ ಇರಲಿಲ್ಲ. ಅದು ಮೊದಲು ಗಂಡನ ತಲೆಯಲ್ಲಿತ್ತು, ಆಮೇಲೆ ಹೆಂಡತಿಯ ತಲೆಯಲ್ಲಿ. ಮೂರು ದಿನ ಅರ್ಧ ಊರಿಗೆ ನೀರು ಬರಲಿಲ್ಲ. ನಾಲ್ಕನೆಯ ದಿನ ಶಿಫ್ಟಿಗೆ ಹೋಗುವ ಹೆಂಗಸರು ಫ್ಯಾಕ್ಟರಿ ಬಸ್ಸಿನಿಂದ ಇಳಿದು ಕೊಡಗಳನ್ನು ಪಂಚಾಯಿತಿಯ ಬಾಗಿಲಿಗೆ ಅಡ್ಡ ಇಟ್ಟರು.

ಅಂದು ಹತ್ತು ಗಂಟೆಗೆ ಮಂಡಿಯಣ್ಣ ಮತ್ತು ಯಜಮಾನರು ಒಂದೇ ಕಾರಿನಲ್ಲಿ ನಮ್ಮ ಬೀದಿಗೆ ಬಂದರು. ಬರೆದುಕೊಳ್ಳಲು ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡಿದ್ದರು. ಬೀದಿಯವರು ಬಾಗಿಲಿಗೆ ಬಂದು ನಿಂತರು. ಚುನಾವಣೆಯಲ್ಲೂ ಆ ಇಬ್ಬರು ಒಟ್ಟಿಗೆ ಬಂದದ್ದಿಲ್ಲ.

"ಏನಕ್ಕಾ, ಚೆಂದಾಗಿದೀಯಾ?" ಎಂದರು ಮಂಡಿಯಣ್ಣ. ನೀರಕ್ಕ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕೇರುವುದನ್ನು ನಿಲ್ಲಿಸಲಿಲ್ಲ.

"ಆ ವಾಲುಗಳು ಎಲ್ಲೆಲ್ಲಿ ಅವೆ ಅಂತ ಒಸಿ ತೋರ್ಸ್ಬುಟ್ಟು ಬಾರಕ್ಕಾ. ಊರು ಬಾಯಿ ಬುಡ್ತೈತೆ."

"ದೆವ್ವನ್ನೇ ಕೇಳ್ರಣ್ಣಾ. ಬುಡ್ತಿದ್ದೋನು ಅವ್ನಲ್ವಾ?"

ಬೀದಿಯಲ್ಲಿ ಯಾರೋ ಕಿಸಕ್ಕೆಂದರು. ಮಂಡಿಯಣ್ಣನೂ ನಕ್ಕರು. ಅವರಿಗೆ ನಗುವುದು ಕಷ್ಟವಲ್ಲ. ಯಜಮಾನರು ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತರು. "ನೋಡು ತಂಗೀ, ಮಾತು ಬಂತು ಓಯ್ತು. ರಾಜಕೀಯದಾಗೆ ಇವೆಲ್ಲ ಇರೋದೇಯ. ನಿನ್ ಮೇಲೆ ನಮ್ಗೇನು ಜಿದ್ದಾ?"

ಅವಳು ಮೊರ ಕೆಳಗಿಟ್ಟಳು. ಆಗ ಅವಳ ಕೈಯಲ್ಲಿ ಏನಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಅವಳು ಎದ್ದು ನಿಲ್ಲದೆ ಮಾತಾಡಿದಳು.

"ನನ್ ಸಬ್ಜೆಕ್ಟು ಮತ್ತೆ ಆಕ್ತೀರಾ?"

"ಮುಂದಿನ್ ಮೀಟಿಂಗ್ನಾಗೇ" ಎಂದರು ಮಂಡಿಯಣ್ಣ.

"ಇಬ್ರೂ ಒಪ್ತೀರಾ?"

"ಒಪ್ಪದೇ ಏನವ್ವಾ? ಇಬ್ರೂ ಬಂದಿಲ್ವಾ ನಿನ್ ಮನೆ ಬಾಗ್ಲಿಗೆ?"

ಅವಳು ನನ್ನ ಕಡೆ ತಿರುಗಿದಳು. "ನೀನು ಬರ್ಕೋ" ಎಂದಳು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಇಬ್ಬರೂ ಹೇಳಿದ್ದನ್ನು ಹೇಳಿದ ಹಾಗೆಯೇ. ಯಜಮಾನರು ನಾನು ಬರೆಯುವುದನ್ನು ನೋಡುತ್ತಿದ್ದರು, ಬೇಡವೆನ್ನಲಿಲ್ಲ. ಅವರಿಗೆ ಗೊತ್ತಿದ್ದದ್ದು ನನಗೂ ಗೊತ್ತಿತ್ತು. ನೀರಿನ ಗುತ್ತಿಗೆ ಒಂದು ವರ್ಷಕ್ಕೆ ಸಹಿಯಾಗಿತ್ತು, ಆ ಪತ್ರವನ್ನು ಟೈಪು ಮಾಡಿದವಳು ನಾನೇ. ಮುಂದಿನ ಸಭೆಗೆ ತರಲು ಅಲ್ಲಿ ಖಾಲಿ ಕೆಲಸವೇ ಇರಲಿಲ್ಲ.

ಅಂದೇ ಅವಳು ನಮ್ಮನ್ನು ಕರೆದುಕೊಂಡು ಹೊರಟಳು. ಆಳುಗಳಿಬ್ಬರೂ ಬೈಕಿನ ಮೇಲೆ ಹಿಂದೆ ಹಿಂದೆ, ಅವಳೂ ನಾನೂ ನಡೆದು. ಅವಳು ಕಾಲಿನ ಹೆಬ್ಬೆರಳಿನಿಂದ ಮಣ್ಣು ಸರಿಸಿ ಚಪ್ಪಡಿ ತೋರಿಸುತ್ತಿದ್ದಳು. "ಇಲ್ಲಿ ಮೂರೂವರೆ ಸುತ್ತು. ನಾಕು ಆಕಿದ್ರೆ ಕೆಳಗಿನ ಬೀದಿ ಪೈಪು ಒಡೀತದೆ." "ಇದು ಎಡಕ್ಕೆ ತಿರುಗ್ತದೆ, ಬಲಕ್ಕಲ್ಲ." "ಇದ್ನ ಶುಕ್ರವಾರ ಒಸಿ ಜಾಸ್ತಿ ಬುಡ್ಬೇಕು, ಅವತ್ತು ಆ ಮನೆಗೆ ಡಯಾಲಿಸಿಸ್ಸು ಮಾಡ್ಸ್ಕೊಂಡು ಬತ್ತಾನೆ ಮಗ." ನಾನು ಎಲ್ಲವನ್ನೂ ಬರೆದುಕೊಂಡೆ, ದೂರವನ್ನು ಹೆಜ್ಜೆಯಲ್ಲಿ ಅಳೆದು ನಕ್ಷೆಯಲ್ಲಿ ಗುರುತು ಹಾಕಿದೆ. ಅದು ಚೆನ್ನಾಗಿ ಬರುತ್ತಿತ್ತು. ನನಗೆ ಒಂದು ರೀತಿಯ ಸಂತೋಷವೂ ಆಗುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಅಷ್ಟು ವರ್ಷ ಒಬ್ಬಳ ತಲೆಯಲ್ಲಿ ಮಾತ್ರ ಇದ್ದದ್ದು ಕಾಗದದ ಮೇಲೆ ನಿಖರವಾಗಿ ಇಳಿಯುತ್ತಿತ್ತು.

ಹದಿಮೂರು ಮುಗಿದಾಗ ಬಿಸಿಲು ಏರಿತ್ತು. ಆಳುಗಳಿಬ್ಬರೂ ಎಳನೀರಿನ ಗಾಡಿಯ ಹತ್ತಿರ ಹಿಂದೆ ಉಳಿದರು. ಅವಳು ಒಂದು ಹುಣಸೆಮರದ ಕೆಳಗೆ ನಿಂತು, ದನಿ ತಗ್ಗಿಸಿ ಕೇಳಿದಳು:

"ಎಲ್ಲಾ ತೋರ್ಸ್ಬುಡ್ಲಾ? ಇಲ್ಲ ಒಂದನ್ನ ನಾನೇ ಮಡಿಕ್ಕೊಳ್ಲಾ? ಮೇಲಿನ್ ಟ್ಯಾಂಕಿಂದು ಅದು. ಅದಿಲ್ದೆ ಯಾವ್ದೂ ಸರ್ಯಾಗ್ ನಡ್ಯಾಕಿಲ್ಲ. ನೀನೇಳು."

ಉಳಿದವರು ಇರಲಿಲ್ಲ. ಯಾರಿಗೂ ಕೇಳಿಸುತ್ತಿರಲಿಲ್ಲ. ಇಟ್ಟುಕೋ ಎಂಬ ಒಂದು ಮಾತು ಸಾಕಿತ್ತು. ನನ್ನ ಹೊಸ ಆದೇಶ ಬಂದು ಒಂಬತ್ತು ದಿನವಾಗಿತ್ತು, ಈ ನಕ್ಷೆ ಆ ಆದೇಶದ ಮೇಲೆ ನನಗೆ ಒಪ್ಪಿಸಿದ ಮೊದಲ ಕೆಲಸ. ಅದನ್ನೇ ಯೋಚಿಸಿದೆನೋ, ಹದಿಮೂರಕ್ಕೆ ನಿಂತ ನಕ್ಷೆ ಅರೆಬರೆ ಕಾಣುತ್ತದೆ ಎಂದು ಯೋಚಿಸಿದೆನೋ, ಈಗಲೂ ಬೇರ್ಪಡಿಸಲಾರೆ.

"ತೋರಿಸಿಬಿಡು ಅಕ್ಕ" ಎಂದೆ. "ಪೂರ್ತಿ ಇದ್ರೇ ಒಳ್ಳೇದು. ಅವರೂ ಮಾತಿಗೆ ಕಟ್ಟುಬೀಳ್ತಾರೆ."

ಅವಳು ತೋರಿಸಿದಳು. ಹದಿನಾಲ್ಕನೆಯದು ಟ್ಯಾಂಕಿನ ಹಿಂದೆ, ಕಳ್ಳಿಬೇಲಿಯ ಒಳಗೆ ಇತ್ತು. ಕೈಗೆ ಮುಳ್ಳು ತರಚಿಸಿಕೊಂಡು ದಾರಿ ಬಿಡಿಸಿದಳು.

ನಕ್ಷೆಯನ್ನು ಇ.ಓ. ಬಹಳ ಮೆಚ್ಚಿಕೊಂಡರು. ನೋಟ್‌ಬುಕ್ಕಿನ ಆ ಪುಟವನ್ನೂ ತೋರಿಸಿದೆ. ಅವರು ಓದಿ, ಇದು ಸಭೆಯಲ್ಲಿ ಆಡಿದ ಮಾತಲ್ಲವಲ್ಲ ಎಂದು ಹಿಂದಕ್ಕೆ ಕೊಟ್ಟರು. ಮುಂದಿನ ತಿಂಗಳ ಪಟ್ಟಿಯಲ್ಲಿ ಹತ್ತೊಂಬತ್ತು ವಿಷಯಗಳಿದ್ದವು. ಟೈಪು ಮಾಡಿ ಹದಿನೈದು ಪ್ರತಿ ಕಳುಹಿಸಿದೆ.

ಸಭೆಯ ದಿನ ಅವಳು ಹತ್ತೂವರೆಗೇ ಬಂದಳು. ನನ್ನ ಕಿಟಕಿಯ ಹತ್ತಿರ ನಿಂತು, "ಎಷ್ಟನೇದವ್ವಾ ನಂದು?" ಎಂದು ಕೇಳಿದಳು.

"ಪಟ್ಟಿ ಇನ್ನೂ ನನ್ನ ಕೈಗೆ ಬಂದಿಲ್ಲ ಅಕ್ಕ" ಎಂದೆ.

ಅವಳು ಹೋಗಿ ಬೆಂಚಿನ ಮೇಲೆ ಕೂತಳು. ಈಗ ಸಭೆಗಳು ಬೇಗ ಮುಗಿಯುತ್ತಿದ್ದವು. ಅಧ್ಯಕ್ಷೆ ವಿಷಯದ ಸಂಖ್ಯೆ ಹೇಳುವುದು, ಎಲ್ಲರೂ ಮೇಜು ಕುಟ್ಟುವುದು, ಮುಂದಿನ ಸಂಖ್ಯೆ. ತಮಿಳಿನ ಸಂಖ್ಯೆಗಳು ಅವಳಿಗೆ ಬರುತ್ತಿದ್ದವು. ಒಳಗೆ ನಾನು ಕೂತ ಜಾಗದಿಂದ ಕಿಟಕಿಯಲ್ಲಿ ಅವಳ ಕೈ ಕಾಣುತ್ತಿತ್ತು, ಒಂದೊಂದು ಸಂಖ್ಯೆಗೂ ಒಂದೊಂದು ಬೆರಳಿನ ಗೆಣ್ಣು ಮುಟ್ಟುತ್ತಿತ್ತು. ಹತ್ತೊಂಬತ್ತಕ್ಕೆ ಮೇಜು ಕುಟ್ಟಿ ಎಲ್ಲರೂ ಎದ್ದರು. ಮಂಡಿಯಣ್ಣ ಅವಳ ಮುಂದೆಯೇ ಫೋನಿನಲ್ಲಿ ಮಾತಾಡುತ್ತ ಹೋದರು. ಯಜಮಾನರು ಇನ್ನೊಂದು ಬಾಗಿಲಿನಿಂದ ಹೋದರು.

ನಾನು ಹೊರಗೆ ಬಂದಾಗ ಅವಳು ಎದ್ದು ನಿಂತಿದ್ದಳು.

"ಅತ್ತೊಂಬತ್ತಾದ್ ಮೇಲೆ ಇನ್ನೂ ಐತಾ?"

"ಇಲ್ಲ ಅಕ್ಕ. ಅಷ್ಟೇ."

"ಅವತ್ತು ನೀನು ಬರ್ಕೊಂಡಿದ್ದೆ."

"ಬರ್ಕೊಂಡಿದ್ದೆ."

"ಓದು."

ನೋಟ್‌ಬುಕ್ ತಂದು ಆ ಪುಟ ತೆಗೆದು ಓದಿದೆ. ಅವಳ ಪ್ರಶ್ನೆ, ಮಂಡಿಯಣ್ಣನ ಉತ್ತರ, ಎರಡನೆಯ ಪ್ರಶ್ನೆ, ಎರಡನೆಯ ಉತ್ತರ. ಯಜಮಾನರು ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತದ್ದನ್ನೂ ಬರೆದಿದ್ದೆ, ಬೆಳಿಗ್ಗೆ ಹತ್ತು ಗಂಟೆ ಎಂದೂ ಬರೆದಿದ್ದೆ. ಅವಳು ತಲೆ ಸ್ವಲ್ಪ ಬಾಗಿಸಿ ಕೊನೆಯ ತನಕ ಕೇಳಿದಳು.

"ಸರ್ಯಾಗ್ ಬರ್ದಿದೀಯ" ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಇಳಿದು ಹೋದಳು.